ವಿಡಿಯೊ ಗೇಮ್ ಆಟಗಾರನ ಸಾಮರ್ಥ್ಯವನ್ನು ಡಿಪಿಎಸ್ ಒಂದರಿಂದಲೇ ಅಳೆಯಬಹುದೇ?

ಅದೊಂದೇ ಸಾಲದು; ಭಾಗಾಕಾರ ಹೇಗೆ ಮಾಡಿದ್ದಾರೆಂದು ಮೊದಲು ನೋಡಬೇಕು. ಡಿಪಿಎಸ್ (ಡ್ಯಾಮೇಜ್ ಪರ್ ಸೆಕೆಂಡ್) ಎಂದರೆ ಶತ್ರುಗಳಿಗೆ ಮಾಡಿದ ಒಟ್ಟು ಡ್ಯಾಮೇಜನ್ನು, ಅಂದರೆ ಹಾನಿಯನ್ನು, ಸೆಕೆಂಡುಗಳಿಂದ ಭಾಗಿಸಿದಾಗ ಸಿಗುವ ಸಂಖ್ಯೆ. ಯಾವ ಸೆಕೆಂಡುಗಳು ಎಂಬಲ್ಲೇ ತಕರಾರು. 300 ಸೆಕೆಂಡಿನ ಕಾಳಗದಲ್ಲಿ 60 ಲಕ್ಷ ಡ್ಯಾಮೇಜ್ ಮಾಡಿ 200ನೇ ಸೆಕೆಂಡಿಗೆ ಸತ್ತ ಆಟಗಾರನಿಗೆ, ಪೂರ್ಣ ಅವಧಿಯನ್ನು ಹಿಡಿದರೆ 20,000 ಡಿಪಿಎಸ್ ಬರುತ್ತದೆ. ಅವನು ಸಕ್ರಿಯನಾಗಿದ್ದ ಅವಧಿಯನ್ನಷ್ಟೇ ಹಿಡಿಯುವ ಮೀಟರ್ (ಡ್ಯಾಮೇಜ್ ಲೆಕ್ಕ ಹಾಕುವ ತಂತ್ರಾಂಶ) 30,000 ತೋರಿಸುತ್ತದೆ, ಬೇಗ ಸತ್ತದ್ದೇ ಲಾಭವಾಯಿತೆಂಬಂತೆ! ತಂಡದವರನ್ನು ಹೋಲಿಸುವಾಗ ಪೂರ್ಣ ಅವಧಿಯಿಂದ ಭಾಗಿಸುವುದೇ ನ್ಯಾಯ.

ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಎಂಬ ಆನ್‌ಲೈನ್ ಆಟದಲ್ಲಿ ಪ್ರತಿ ಹೊಡೆತವನ್ನೂ ಸಮಯಸಹಿತವಾಗಿ ಕಾಂಬ್ಯಾಟ್ ಲಾಗ್ (ಕಾಳಗದ ದಾಖಲೆ) ಕಡತದಲ್ಲಿ ದಾಖಲಿಸಿಕೊಳ್ಳಬಹುದು. ವಾರ್‌ಕ್ರಾಫ್ಟ್ ಲಾಗ್ಸ್ ತಾಣವು ಆ ಕಡತವನ್ನು ವಿಶ್ಲೇಷಿಸಿ, ಅದೇ ಬಾಸ್‌ನ (ಮುಖ್ಯ ಶತ್ರುವಿನ) ಎದುರು ಅದೇ ಸ್ಪೆಕ್‌ನಲ್ಲಿ (ಪಾತ್ರದ ವಿಶೇಷ ಶೈಲಿಯಲ್ಲಿ) ಆಡಿದ ಇತರರೊಂದಿಗೆ ಹೋಲಿಸಿ ಪರ್ಸೆಂಟೈಲ್, ಅಂದರೆ ನೂರರಲ್ಲಿ ಎಷ್ಟು ಮಂದಿಗಿಂತ ಮೇಲಿದ್ದಾನೆಂಬ ಅಂಕಿ, ನೀಡುತ್ತದೆ. ಬರಿಯ ಡಿಪಿಎಸ್‌ಗಿಂತ ಇದನ್ನೇ ನಾನು ಹೆಚ್ಚು ನಂಬುತ್ತೇನೆ. ಆದರೂ ಬಾಸ್‌ನನ್ನು ಬಿಟ್ಟು, ಹೇಗೂ ಸಾಯಲಿರುವ ಸಣ್ಣಪುಟ್ಟ ಶತ್ರುಗಳ ಗುಂಪಿಗೆ ಹೊಡೆದು ಅಂಕಿ ಉಬ್ಬಿಸಿಕೊಳ್ಳುವವರು ಇದ್ದೇ ಇರುತ್ತಾರಾದ್ದರಿಂದ, ಯಾವ ಗುರಿಗೆ ಎಷ್ಟು ಡ್ಯಾಮೇಜ್ ಹೋಯಿತೆಂದು ಬಿಡಿಸಿ ನೋಡುವುದು ಅಗತ್ಯ.

ಕೌಂಟರ್-ಸ್ಟ್ರೈಕ್‌ನಂತಹ ಶೂಟರ್ ಆಟಗಳಲ್ಲಿ ಸೆಕೆಂಡಿನ ಲೆಕ್ಕ ಉಪಯೋಗಕ್ಕೆ ಬಾರದು. ಅಲ್ಲಿ ಎಡಿಆರ್, ಅಂದರೆ ರೌಂಡಿಗೆ ಸರಾಸರಿ ಎಷ್ಟು ಡ್ಯಾಮೇಜ್ ಎಂಬುದನ್ನು ನೋಡುತ್ತಾರೆ.