ನೀಲವ್ವ ಅಂತಲೇ ಬರೆಸಿ

ಪತ್ರದ ಸಾರ: ಓದುಗರ ತವರು ಗದಗ ಜಿಲ್ಲೆಯ ಒಂದು ಹಳ್ಳಿ, ಈಗ ಇರುವುದು ಬೆಂಗಳೂರಿನಲ್ಲಿ. ಹೆಣ್ಣುಮಗು ಹುಟ್ಟಿ ಇನ್ನೂ ತಿಂಗಳು ತುಂಬಿಲ್ಲ. ತಮ್ಮನ್ನು ಸಾಕಿ ಬೆಳೆಸಿದ ಅಜ್ಜಿಯ ಹೆಸರು 'ನೀಲವ್ವ'. ಅದನ್ನೇ ಮಗಳಿಗೆ ಇಡಬೇಕೆಂಬ ಆಸೆ. ಮೈಸೂರಿನವರಾದ ಅತ್ತೆ, 'ಸ್ಕೂಲಲ್ಲಿ ಮಕ್ಕಳು ರೇಗಿಸ್ತಾರೆ, ಬೇಡ' ಅನ್ನುತ್ತಾರೆ. ಸರ್ಟಿಫಿಕೇಟಿನಲ್ಲಿ 'ಸಾನ್ವಿ' ಇರಲಿ, ಮನೆಯಲ್ಲಿ ನೀಲವ್ವ ಅಂತ ಕರೆಯೋಣ ಎಂಬುದು ಗಂಡನ ಸಲಹೆ. ಏನು ಮಾಡಲಿ?

ಸಂಪಾದಕರ ಉತ್ತರ:

ಮೊದಲು ನಿಮಗೂ ಮಗುವಿಗೂ ಶುಭಾಶಯ. ಬಾಣಂತನದ ನಡುವೆಯೂ ಉದ್ದದ ಪತ್ರ ಬರೆದಿದ್ದೀರಿ. ಅದರಲ್ಲಿ ಮುಕ್ಕಾಲು ಭಾಗ ಅಜ್ಜಿಯೇ ಇದ್ದಾರೆ. ಗುಳೇದಗುಡ್ಡದ ಖಣದ ಗಂಟು ಹೊತ್ತು ಊರೂರು ತಿರುಗಿ ಮಾರಿದ್ದು, ಓದು ಬರಹ ಬಾರದಿದ್ದರೂ ಉದ್ರಿಯ ಲೆಕ್ಕವನ್ನು ಗೋಡೆಯ ಮೇಲೆ ಇದ್ದಿಲಿನ ಗೆರೆ ಎಳೆದು ಇಟ್ಟಿದ್ದು, ದೀಪಾವಳಿಗೆ ಸುಣ್ಣ ಹಚ್ಚುವಾಗ ಆ ಗೋಡೆಯೊಂದನ್ನು ಮಾತ್ರ ಮುಟ್ಟಲು ಬಿಡದಿದ್ದದ್ದು. ಇಷ್ಟು ಓದಿದ ಮೇಲೆ ನನಗೆ ಅನುಮಾನ ಉಳಿಯಲಿಲ್ಲ. ನೀಲವ್ವ ಅಂತಲೇ ಇಡಿ. ಯಜಮಾನರ ಸಲಹೆಯನ್ನು ಮಾತ್ರ ತಿರುವುಮುರುವು ಮಾಡಿಕೊಳ್ಳಿ. ಸರ್ಟಿಫಿಕೇಟಿನಲ್ಲಿ ನೀಲವ್ವ ಇರಲಿ, ಮನೆಯಲ್ಲಿ ಏನು ಬೇಕಾದರೂ ಕರೆಯಿರಿ.

ಮನೆಯ ಹೆಸರು ಕರೆಯುವವರು ಇರುವ ತನಕ ಮಾತ್ರ ಬದುಕಿರುತ್ತದೆ. ಹಾಜರಿ ಪುಸ್ತಕ, ಅಂಕಪಟ್ಟಿ, ಆಧಾರ್, ಕೊನೆಗೆ ಲಗ್ನಪತ್ರಿಕೆ, ಎಲ್ಲ ಕಡೆ ಸಾನ್ವಿಯೇ ಇರುತ್ತಾಳೆ. ಎರಡನೇ ಕ್ಲಾಸಿಗೆ ಬರುವಷ್ಟರಲ್ಲಿ ಮಗುವೇ, 'ಫ್ರೆಂಡ್ಸ್ ಮುಂದೆ ಹಾಗೆ ಕರೀಬೇಡಮ್ಮ' ಅನ್ನುತ್ತದೆ. ತಪ್ಪು ಮಗುವಿನದಲ್ಲ. ಹೊರಗೊಂದು, ಒಳಗೊಂದು ಹೆಸರಿದ್ದರೆ, ಒಳಗಿನದು ಬಚ್ಚಿಡಬೇಕಾದ್ದು ಅಂತ ಅದಕ್ಕೆ ತಾನಾಗಿ ಅನ್ನಿಸುತ್ತದೆ.

ನಮ್ಮ ಹಳೆಯ ಪದ್ಧತಿಯೂ ನಾನು ಹೇಳಿದಂತೆಯೇ ಇತ್ತು. ಮೊಮ್ಮಗಳಿಗೆ ಅಜ್ಜಿಯ ಹೆಸರು ಇಡುತ್ತಿದ್ದರು. ಆದರೆ ಸೊಸೆ ಅತ್ತೆಯ ಹೆಸರನ್ನು ಬಾಯಿಬಿಟ್ಟು ಹೇಳುವ ಹಾಗಿರಲಿಲ್ಲ. ಅದೇ ಹೆಸರು ಹಿಡಿದು ಮಗಳನ್ನು ಗದರುವುದಂತೂ ದೂರದ ಮಾತು. ಅದಕ್ಕೇ ಪುಟ್ಟಮ್ಮ, ಅಮ್ಮಣ್ಣಿ, ಅಕ್ಕವ್ವ ಅಂತ ಇನ್ನೊಂದು ಹೆಸರು ಬರುತ್ತಿತ್ತು. ಎಷ್ಟೋ ಮನೆಗಳಲ್ಲಿ ದೊಡ್ಡಮ್ಮನ ನಿಜವಾದ ಹೆಸರು ಗೊತ್ತಾಗುವುದು ಪಹಣಿ ತೆಗೆಸಿದಾಗಲೇ. ಮುದ್ದಿನ ಹೆಸರು ಬದಲಾಗುತ್ತಿತ್ತು, ಹಿರಿಯರ ಹೆಸರು ಕಾಗದದಲ್ಲಿ ಗಟ್ಟಿಯಾಗಿ ಕೂತಿರುತ್ತಿತ್ತು.

ನಿಮ್ಮ ಅತ್ತೆಯ ಚಿಂತೆಯನ್ನು ತಳ್ಳಿಹಾಕಬೇಡಿ. ಮಕ್ಕಳು ರೇಗಿಸುವುದು ನಿಜ. ಆದರೆ ಯಾವ ಹೆಸರನ್ನು ಬಿಟ್ಟಿದ್ದಾರೆ ಹೇಳಿ? ಇನ್ನೊಂದು ವಿಷಯ. 'ಹಳೇ ಕಾಲದ್ದು' ಎಂಬ ಗೆರೆ ಒಂದೇ ಕಡೆ ನಿಲ್ಲುವುದಿಲ್ಲ. ಸಾವಿತ್ರಮ್ಮ, ಜಾನಕಮ್ಮನವರು ತಮ್ಮ ಹೆಣ್ಣುಮಕ್ಕಳಿಗೆ ಶಶಿಕಲಾ, ಮಂಜುಳಾ ಅಂತ ಹೊಸ ಹೆಸರು ಇಟ್ಟರು. ಮಂಜುಳಾ ತನ್ನ ಮಗಳಿಗೆ ಶಿಲ್ಪಾ, ಕಾವ್ಯಾ ಅಂದಳು. ಈಗ ಕಾವ್ಯಾಳಿಗೇ ಮಕ್ಕಳಾಗಿವೆ. ಇಂದಿನ ಸಾನ್ವಿ, ಆದ್ಯಾ ಕೂಡ ಒಂದು ದಿನ ಅತ್ತೆ, ದೊಡ್ಡಮ್ಮಂದಿರ ಹೆಸರಾಗುತ್ತವೆ. ಸದ್ಯಕ್ಕಂತೂ ಒಂದೇ ತರಗತಿಯಲ್ಲಿ ಇಬ್ಬರು ಸಾನ್ವಿಯರಿದ್ದು, ಇನಿಷಿಯಲ್ ಸೇರಿಸಿ ಕರೆಯುವುದು ಅಪರೂಪವಲ್ಲ. ನೀಲವ್ವ ಅಂದರೆ ನಿಮ್ಮ ಮಗಳೊಬ್ಬಳೇ ತಿರುಗಿ ನೋಡುತ್ತಾಳೆ.

ಬಹುಶಃ ಅತ್ತೆಯವರ ಕಿವಿಗೆ ಒಗ್ಗದಿರುವುದು ಆ 'ಅವ್ವ'. ಮೈಸೂರು ಕಡೆಯ ಹೆಸರುಗಳಲ್ಲಿ 'ಅಮ್ಮ' ಜಾಸ್ತಿ. ಬಸವಣ್ಣನವರ ಪತ್ನಿ ನೀಲಾಂಬಿಕೆಯನ್ನೂ ನೀಲಮ್ಮ ಅಂತ ಕರೆಯುತ್ತಾರೆ, ಆಕೆ ಸ್ವತಃ ವಚನ ಬರೆದವರು ಅಂತ ಅವರಿಗೆ ಹೇಳಿ ನೋಡಿ. ನೀಲಾ ಅಂತ ಮೊಟಕು ಮಾಡಿದರೆ ಸಾಲದೇ ಅಂತ ಯಾರಾದರೂ ಕೇಳುತ್ತಾರೆ. ನೀಲಾ ಚೆಂದದ ಹೆಸರೇ. ಆದರೆ ಆ 'ಅವ್ವ' ಹೋದರೆ ಗದಗದ ಕಡೆಯ ಮಣ್ಣೂ ಹೋಯಿತು, ಖಣ ಮಾರಿದ ಆ ಅಜ್ಜಿಯೂ ಹೋದರು. ನನಗೆ ಅದು ಒಪ್ಪಿಗೆಯಿಲ್ಲ. ನಿಮ್ಮ ಪಕ್ಕದ ಕೊಪ್ಪಳ ಜಿಲ್ಲೆಯ ತೊಗಲುಗೊಂಬೆ ಕಲಾವಿದೆ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ದೆಹಲಿಯಲ್ಲೂ ಅವರು ಭೀಮವ್ವನೇ. ಗದಗದ ಹತ್ತಿರದ ಲಕ್ಕುಂಡಿಯಲ್ಲಿ ಸಾವಿರ ವರ್ಷದ ಹಿಂದೆ ಬಸದಿ ಕಟ್ಟಿಸಿದ ಅತ್ತಿಮಬ್ಬೆಯ ಹೆಸರನ್ನು ಇವತ್ತಿಗೂ ಯಾರೂ ಚಿಕ್ಕದು ಮಾಡಿ ಹೇಳುವುದಿಲ್ಲ.

ಹಾಗಂತ ಹಳೆಯದೆಲ್ಲ ಇಡಿ ಎನ್ನುವವನಲ್ಲ ನಾನು. ಸಾಲಾಗಿ ಹೆಣ್ಣು ಹುಟ್ಟಿದಾಗ 'ಇನ್ನು ಸಾಕು' ಅಂತ ಸಾಕವ್ವ ಎಂದು ಕರೆದ ಮನೆಗಳಿವೆ. ಹುಟ್ಟಿದ ಮಕ್ಕಳು ಉಳಿಯದಿದ್ದಾಗ, ಕೂಸನ್ನು ತಿಪ್ಪೆಯ ಮೇಲೆ ಹೊರಳಿಸಿ ತಿಪ್ಪವ್ವ ಅಂತ ಇಟ್ಟದ್ದೂ ಉಂಟು. ಎರಡನೆಯದರಲ್ಲಿ ಮಗು ಉಳಿಯಲಿ ಎಂಬ ಸಂಕಟವಿದೆ, ಅದು ಅರ್ಥವಾಗುತ್ತದೆ. ಮೊದಲನೆಯದು ಮಾತ್ರ ನನಗೆ ನೋವು ಕೊಡುತ್ತದೆ. ಅಂಥ ಹೆಸರು ಹೊತ್ತೂ ದೊಡ್ಡ ಬಾಳು ಬಾಳಿದವರಿದ್ದಾರೆ, ಬೆಂಗಳೂರಿನ ಕಾಫಿಪುಡಿ ಸಾಕಮ್ಮನವರ ಹಾಗೆ. ಆದರೂ ಅಜ್ಜಿಯ ಹೆಸರಿಡುವವರು ಆ ಹೆಸರು ಯಾಕೆ ಬಂತು ಅಂತ ಮನೆಯ ಹಿರಿಯರನ್ನು ಒಮ್ಮೆ ಕೇಳಿಕೊಳ್ಳುವುದು ಒಳ್ಳೆಯದು. ನೀಲವ್ವನಿಗೆ ಆ ತಕರಾರಿಲ್ಲ.

ಇನ್ನು ಕಾಗದಪತ್ರದ ವಿಚಾರ. ಮಗು ಆಸ್ಪತ್ರೆಯಲ್ಲಿ ಹುಟ್ಟಿದ್ದರೆ ಜನನದ ವಿವರವನ್ನು ಅವರೇ 21 ದಿನದೊಳಗೆ ಕಳಿಸಬೇಕು. ಹೆಸರಿಲ್ಲದೆಯೂ ನೋಂದಣಿ ಆಗುತ್ತದೆ. ಹೆಸರು ಸೇರಿಸಲು 12 ತಿಂಗಳ ತನಕ ಶುಲ್ಕವಿಲ್ಲ. ಹಾಗಾಗಿ ಮನೆಯಲ್ಲಿ ಎಲ್ಲರೂ ಒಪ್ಪುವ ತನಕ ಆತುರ ಬೇಡ. ಆದರೆ ಒಮ್ಮೆ ಬರೆಸಿದ ಮೇಲೆ ಬದಲಿಸುವುದು ಕಷ್ಟ. 2023ರ ಅಕ್ಟೋಬರ್ 1ರ ನಂತರ ಹುಟ್ಟಿದ ಮಕ್ಕಳಿಗೆ ಶಾಲೆ, ಪಾಸ್‌ಪೋರ್ಟ್ ಎಲ್ಲದಕ್ಕೂ ಆಧಾರ ಜನನ ಪ್ರಮಾಣಪತ್ರವೇ. ಇಂಗ್ಲಿಷಿನಲ್ಲಿ ಹೇಗೆ ಬರೆಯಬೇಕು ಅಂತ ಮೊದಲೇ ಗಟ್ಟಿ ಮಾಡಿಕೊಳ್ಳಿ. ಕೊನೆಯಲ್ಲಿ 'ವಿ' ಅಕ್ಷರ ಎರಡು ಸಲ ಬರಲಿ. ಒಂದೇ ಹಾಕಿದರೆ ಹೊರಗಿನವರು 'ನೀಲವ' ಅಂತ ಓದುತ್ತಾರೆ.

ಮುದ್ದಿನ ಹೆಸರು ಆರಿಸುವುದನ್ನು ಅತ್ತೆಯವರಿಗೆ ಬಿಟ್ಟುಕೊಡಿ. ಸಾನ್ವಿ ಅಂತಲೇ ಕರೆದರೂ ಸಂತೋಷ. ಹಾಗೆಯೇ ಪುರುಸೊತ್ತಾದಾಗ ಪಕ್ಕದಲ್ಲಿ ಕೂತು ಅವರ ಅಮ್ಮನ ಹೆಸರೇನು, ಅವರು ಹೇಗಿದ್ದರು ಅಂತ ಕೇಳಿ. ಇಷ್ಟು ದಿನ ಯಾರೂ ಕೇಳಿರಲಿಕ್ಕಿಲ್ಲ. ಮುಂದೆ ಈ ಮಗುವಿಗೊಬ್ಬ ತಂಗಿ ಹುಟ್ಟಿದರೆ ಆ ಹೆಸರಿನ ಸರದಿ ಬರಲಿ.