ಸರ್ಕ್ಯೂಟ್ ಲೆಕ್ಕಕ್ಕೆ ಮಾತೃಕೆ ಏಕೆ?

ಪ್ರಶ್ನೆ: ಶ್ರೇಣಿ ಮತ್ತು ಸಮಾಂತರ ಜೋಡಣೆಯ ಸೂತ್ರಗಳಿರುವಾಗ, ವಿದ್ಯುತ್ ಮಂಡಲದ ಲೆಕ್ಕಕ್ಕೆ ಮಾತೃಕೆಗಳ ಅಗತ್ಯವೇನು?
— ದ್ವಿತೀಯ ಪಿಯುಸಿ ವಿದ್ಯಾರ್ಥಿನಿ, ಹಾಸನ

ಉತ್ತರ: ಆ ಸೂತ್ರಗಳು ಎಲ್ಲ ಮಂಡಲಗಳಿಗೂ ಒದಗುವುದಿಲ್ಲ. ಸಂತುಲನದಲ್ಲಿಲ್ಲದ ವೀಟ್‌ಸ್ಟನ್ ಸೇತುವೆಯನ್ನೇ ನೋಡಿ: ಅದರ ಐದು ರೋಧಕಗಳಲ್ಲಿ ಯಾವ ಎರಡೂ ಶ್ರೇಣಿಯಲ್ಲಿಲ್ಲ, ಸಮಾಂತರದಲ್ಲಿಯೂ ಇಲ್ಲ.

7 ವೋಲ್ಟ್ ಬ್ಯಾಟರಿಯ ಧನ ತುದಿಯಿಂದ ಎಡ ಸಂಧಿಗೆ 1 ಓಮ್, ಬಲ ಸಂಧಿಗೆ 2 ಓಮ್. ಎಡ ಸಂಧಿಯಿಂದ ಋಣ ತುದಿಗೆ 2 ಓಮ್, ಬಲ ಸಂಧಿಯಿಂದ 1 ಓಮ್. ಎರಡು ಸಂಧಿಗಳ ನಡುವೆ 1 ಓಮ್ ಇರಲಿ. ಋಣ ತುದಿಯ ವಿಭವವನ್ನು ಸೊನ್ನೆ ಎಂದಿಟ್ಟುಕೊಂಡು, ಎಡ ಮತ್ತು ಬಲ ಸಂಧಿಗಳ ವಿಭವಗಳನ್ನು ಕ, ಖ ಎಂದು ಕರೆದು, ಪ್ರತಿ ಸಂಧಿಗೂ ಕಿರ್ಚಾಫ್‌ನ ಪ್ರವಾಹ ನಿಯಮವನ್ನು (ಸಂಧಿಗೆ ಬರುವಷ್ಟೇ ಪ್ರವಾಹ ಅಲ್ಲಿಂದ ಹೊರಡುತ್ತದೆ) ಬರೆದು 2ರಿಂದ ಗುಣಿಸಿದರೆ, 5ಕ − 2ಖ = 14 ಮತ್ತು −2ಕ + 5ಖ = 7 ಎಂಬ ಸಮೀಕರಣಗಳು ದೊರೆಯುತ್ತವೆ. ಇವುಗಳ ಗುಣಾಂಕಗಳನ್ನು ಸಾಲು-ಕಂಬಗಳಲ್ಲಿ ಜೋಡಿಸಿದ ಪಟ್ಟಿಯೇ ಮಾತೃಕೆ: ಅದರ ಸಾಲುಗಳು (5, −2) ಮತ್ತು (−2, 5), ನಿರ್ಧಾರಕ 5×5 − (−2)×(−2) = 21. ಬಿಡಿಸಿದಾಗ ಕ = 4 ವೋಲ್ಟ್, ಖ = 3 ವೋಲ್ಟ್; ಆದ್ದರಿಂದ ನಡುವಣ ರೋಧಕದಲ್ಲಿ ಎಡದಿಂದ ಬಲಕ್ಕೆ 1 ಆಂಪಿಯರ್ ಹರಿಯುತ್ತದೆ.

ಎರಡು ಸಮೀಕರಣಗಳನ್ನು ಆದೇಶ ವಿಧಾನದಿಂದಲೂ ಬಿಡಿಸಬಹುದು, ನಿಜ. ಆದರೆ ಮಾತೃಕೆಯ ಸೊಗಸು ಬೇರೆಡೆ ಇದೆ: ಮಂಡಲದ ಚಿತ್ರವನ್ನು ನೋಡಿಯೇ ಅದನ್ನು ಬರೆದುಬಿಡಬಹುದು. ಒಂದು ಸಂಧಿಗೆ ತಾಗಿದ ಎಲ್ಲ ರೋಧಗಳ ವಿಲೋಮಗಳ ಮೊತ್ತ ಕರ್ಣದ ಮೇಲೆ ಕೂರುತ್ತದೆ (ಮೇಲೆ 2ರಿಂದ ಗುಣಿಸಿದ್ದರಿಂದ ಅದು 5 ಆಯಿತು). ಎರಡು ಸಂಧಿಗಳನ್ನು ಜೋಡಿಸುವ ರೋಧದ ವಿಲೋಮ ಋಣ ಚಿಹ್ನೆಯೊಂದಿಗೆ ಕರ್ಣದ ಆಚೀಚೆ ಬರುತ್ತದೆ. ನೇರ ಜೋಡಣೆ ಇಲ್ಲದಲ್ಲಿ ಸೊನ್ನೆ. ಬ್ಯಾಟರಿಯನ್ನು 14 ವೋಲ್ಟಿಗೆ ಬದಲಿಸಿದರೆ ಬಲಬದಿಯಷ್ಟೇ ಬದಲಾಗುತ್ತದೆ, ಮಾತೃಕೆ ಹಾಗೆಯೇ ಉಳಿಯುತ್ತದೆ. ಒಂದು ಎಚ್ಚರಿಕೆ ಮಾತ್ರ ಬೇಕು: ಯಾವ ಬಿಂದುವನ್ನೂ ಸೊನ್ನೆ ಎಂದು ಗೊತ್ತುಮಾಡದೆ ಎಲ್ಲ ಸಂಧಿಗಳನ್ನೂ ಮಾತೃಕೆಗೆ ಸೇರಿಸಿದರೆ ನಿರ್ಧಾರಕ ಸೊನ್ನೆಯಾಗುತ್ತದೆ, ಅಂದರೆ ಒಂದೇ ಖಚಿತ ಉತ್ತರ ಸಿಗುವುದಿಲ್ಲ, ಏಕೆಂದರೆ ಪ್ರವಾಹವನ್ನು ನಿರ್ಧರಿಸುವುದು ವಿಭವಗಳ ವ್ಯತ್ಯಾಸವೇ ಹೊರತು ವಿಭವವಲ್ಲ.

ಕಿರ್ಚಾಫ್ ವಿದ್ಯಾರ್ಥಿಯಾಗಿದ್ದಾಗಲೇ, 1845ರಲ್ಲಿ, ಈ ನಿಯಮಗಳನ್ನು ಪ್ರಕಟಿಸಿದ. ಮಾತೃಕೆಗಳ ಬೀಜಗಣಿತವನ್ನು ಕುರಿತ ಆರ್ಥರ್ ಕೇಲಿಯ ಪ್ರಬಂಧ ಬಂದದ್ದು 1858ರಲ್ಲಿ.

ಇದೇ ಮಾತೃಕೆ, ಸಮ್ಮಿಶ್ರ ಸಂಖ್ಯೆಗಳೊಂದಿಗೆ, ಇಂದು ವಿದ್ಯುತ್ ಜಾಲದ ಲೋಡ್ ಫ್ಲೋ ಲೆಕ್ಕಗಳ (ಯಾವ ಮಾರ್ಗದಲ್ಲಿ ಎಷ್ಟು ವಿದ್ಯುತ್ ಹರಿಯುತ್ತದೆ ಎಂಬ ಲೆಕ್ಕಗಳ) ಆಧಾರವಾಗಿದೆ. ಅಲ್ಲಿ ಪ್ರತಿ ಸಬ್‌ಸ್ಟೇಷನ್ ಒಂದು ಸಂಧಿ. ಅದು ನೇರವಾಗಿ ಕೂಡಿಕೊಂಡಿರುವುದು ಕೆಲವೇ ನೆರೆಯ ಕೇಂದ್ರಗಳೊಂದಿಗೆ ಆದ್ದರಿಂದ ಮಾತೃಕೆಯ ಬಹುಪಾಲು ಸೊನ್ನೆಗಳೇ, ಮತ್ತು ಕಂಪ್ಯೂಟರ್ ಆ ಸೊನ್ನೆಗಳನ್ನು ಬಿಟ್ಟು ಉಳಿದವನ್ನು ಮಾತ್ರ ನೆನಪಿಟ್ಟುಕೊಂಡು ವೇಗವಾಗಿ ಬಿಡಿಸುತ್ತದೆ. ಹೊಸ ಮಾರ್ಗವೊಂದು ಬಂದರೆ ನಾಲ್ಕೇ ಸ್ಥಾನಗಳು ಬದಲಾಗುತ್ತವೆ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ನಡುವಣ 765 ಕಿಲೋವೋಲ್ಟ್ ಮಾರ್ಗ ಚಾಲನೆಗೊಂಡಾಗ ಆದದ್ದೂ ಅದೇ: ಅಲ್ಲಿಯವರೆಗೆ ಪರ್ಯಾಯ ಪ್ರವಾಹದ ಮಾತೃಕೆಯಲ್ಲಿ ಬೇರೆ ಬೇರೆ ಖಂಡಗಳಾಗಿದ್ದ ದಕ್ಷಿಣದ ಜಾಲವೂ ಉಳಿದ ದೇಶದ ಜಾಲವೂ ಆ ಸ್ಥಾನಗಳ ಮೂಲಕ ಒಂದೇ ಮಾತೃಕೆಯಾಗಿ ಬೆಸೆದುಕೊಂಡವು.