ಚಂದಾ ಎತ್ತುವ ಮೊದಲು ಹಾಜರಿ ಪುಸ್ತಕ ತೆರೆಯಿರಿ

ತುಮಕೂರಿನ ಅಂತರಸನಹಳ್ಳಿಯಲ್ಲಿ ಸಣ್ಣ ಗಾರ್ಮೆಂಟ್ಸ್ ನಡೆಸುವ ಓದುಗರೊಬ್ಬರ ಪತ್ರ ನನ್ನನ್ನು ಬಿಡದೆ ಕಾಡಿದೆ. ಅವರಲ್ಲಿ ಒಂಬತ್ತು ವರ್ಷಗಳಿಂದ ಟೈಲರ್ ಆಗಿರುವ ಮಹಿಳೆಗೆ ಸ್ತನ ಕ್ಯಾನ್ಸರ್ ಬಂದಿದೆ. ಬೆಂಗಳೂರಿನ ಕಿದ್ವಾಯಿಯಲ್ಲಿ ಶಸ್ತ್ರಚಿಕಿತ್ಸೆ ಮುಗಿದು ಕೀಮೋ ನಡೆಯುತ್ತಿದೆ. ಮಾಲೀಕರು ಆಯುಧಪೂಜೆಯ ದಿನ ಎಲ್ಲರೆದುರು ಆಕೆಯ ಕಾಯಿಲೆಯನ್ನು ಹೇಳಿ, ಚಂದಾ ಎತ್ತಿ, ತಮ್ಮ ಪಾಲನ್ನೂ ಸೇರಿಸಿ ಕವರ್ ಕೊಡಲು ಹೋಗಿದ್ದಾರೆ. ನಡುವೆ ಆಕೆ ಕೆಲಸಕ್ಕೆ ಬಂದ ದಿನಗಳಲ್ಲಿ ಹಗುರವಾಗಲಿ ಎಂದು ದಾರ ಕತ್ತರಿಸುವ ಮೇಜಿಗೆ ಕೂರಿಸಿದ್ದಾರೆ. ಆಕೆ ಕವರ್ ಮುಟ್ಟಲಿಲ್ಲ. ತಿಂಗಳಿಂದ ಬಂದಿಲ್ಲ, ಫೋನ್ ಕೂಡ ತೆಗೆಯುತ್ತಿಲ್ಲ. ತಮ್ಮ ತಪ್ಪೇನು, ಆ ಜಾಗಕ್ಕೆ ಬೇರೆಯವರನ್ನು ತೆಗೆದುಕೊಳ್ಳಬಹುದೇ ಎಂಬುದು ಅವರ ಪ್ರಶ್ನೆ.

ಸ್ವಾಮಿ, ಬೇರೆಯವರನ್ನು ಧಾರಾಳವಾಗಿ ತೆಗೆದುಕೊಳ್ಳಿ, ಆದರೆ ಕೆಲಸ ತಾತ್ಕಾಲಿಕವೆಂದು ಬಂದವರಿಗೆ ಮೊದಲೇ ತಿಳಿಸಿ. ನನ್ನನ್ನು ತಡೆದು ನಿಲ್ಲಿಸಿದ್ದು ನಿಮ್ಮ ಪತ್ರದ ಕೊನೆಯಲ್ಲಿ ಹಾದು ಹೋಗುವ ಸಾಲು: "ಇಎಸ್‌ಐ ಎಲ್ಲ ನನ್ನ ಭಾವಮೈದ ನೋಡಿಕೊಳ್ಳುತ್ತಾನೆ, ಬಾರದವರನ್ನು ಲೆಫ್ಟ್ ಸರ್ವಿಸ್ ಎಂದು ಹಾಕಿದ್ದಾನಂತೆ." ಇಎಸ್‌ಐ ಎಂದರೆ ಕಾರ್ಮಿಕರ ರಾಜ್ಯ ವಿಮೆ. ಅದರ ತಿಂಗಳ ವಂತಿಗೆ ತುಂಬುವಾಗ ಒಬ್ಬರ ಕೆಲಸದ ದಿನಗಳು ಸೊನ್ನೆಯಾಗಿದ್ದರೆ ಕಂಪ್ಯೂಟರ್ ಕಾರಣ ಕೇಳುತ್ತದೆ, ಅಲ್ಲಿ 'ಆನ್ ಲೀವ್' ಎಂಬ ಆಯ್ಕೆಯೂ ಇದೆ, 'ಲೆಫ್ಟ್ ಸರ್ವಿಸ್' ಎಂಬ ಆಯ್ಕೆಯೂ ಇದೆ. ನಿಮ್ಮ ಭಾವಮೈದ ಒತ್ತಿದ ಆ ಒಂದು ಗುಂಡಿಯಿಂದ, ಕೀಮೋ ಹಾಕಿಸಿಕೊಂಡು ವಾಂತಿ ಮಾಡುತ್ತ ಮಲಗಿರುವ ಹೆಂಗಸು ಸರ್ಕಾರದ ದಾಖಲೆಯಲ್ಲಿ ಕೆಲಸ ಬಿಟ್ಟು ಹೋದವಳಾಗಿದ್ದಾಳೆ. ನಿಮ್ಮ ಮೇಲೆ ನನಗೆ ಅಷ್ಟು ಕೋಪವಿಲ್ಲ, ಆ ಮಹಾಶಯನ ಮೇಲಿದೆ.

ತಿಂಗಳಿಗೆ 21,000 ರೂಪಾಯಿ ಮಿತಿಯೊಳಗೆ ಸಂಬಳ ಪಡೆಯುವ ಆಕೆಯ ದುಡಿಮೆಯಿಂದ ಪ್ರತಿ ತಿಂಗಳು ಶೇ. 0.75 ಮುರಿದುಕೊಂಡು, ನೀವು ಶೇ. 3.25 ಸೇರಿಸಿ ಕಟ್ಟುತ್ತ ಬಂದಿದ್ದು ಇಂಥ ದಿನಕ್ಕಾಗಿಯೇ. ಇಎಸ್‌ಐ ವೈದ್ಯರ ಪ್ರಮಾಣಪತ್ರದ ಮೇಲೆ ವರ್ಷಕ್ಕೆ 91 ದಿನಗಳವರೆಗೆ ಸಂಬಳದ ಶೇ. 70ರಷ್ಟು ಸಿಗುತ್ತದೆ. ಕ್ಯಾನ್ಸರ್ ದೀರ್ಘಕಾಲದ ಕಾಯಿಲೆಗಳ ಪಟ್ಟಿಯಲ್ಲಿರುವುದರಿಂದ, ಎರಡು ವರ್ಷ ಬಿಡದೆ ಕೆಲಸದಲ್ಲಿದ್ದು ವಂತಿಗೆಯ ಷರತ್ತು ಪೂರೈಸಿದವರಿಗೆ ಆಮೇಲೆಯೂ ಶೇ. 80ರಂತೆ ಎರಡು ವರ್ಷಗಳವರೆಗೆ ಸಿಗುವ ಅವಕಾಶವಿದೆ. ಒಬ್ಬರಿಗೆ ಹಕ್ಕಾಗಿ ಬರಬೇಕಾದದ್ದನ್ನು ತಡೆದಿಟ್ಟು ಅದೇ ಕೈಯಿಂದ ದಾನ ಮಾಡಬಾರದೆಂದು ಈ ಅಂಕಣದಲ್ಲಿ ಮನೆಕೆಲಸದವರ ಬಗ್ಗೆ ಬರೆದಿದ್ದೇನೆ, ಕಾರು ಚಾಲಕರ ಬಗ್ಗೆಯೂ ಬರೆದಿದ್ದೇನೆ. ಓದುಗರು ಬೇಸರಿಸಿದರೂ ಇನ್ನೊಮ್ಮೆ ಬರೆಯುತ್ತೇನೆ.

ಆಯುಧಪೂಜೆಯ ಸಂಗತಿಗೆ ಬರೋಣ. ಕಾಯಿಲೆ ಆಕೆಯದು, ಅದನ್ನು ಯಾರಿಗೆ ಹೇಳಬೇಕು ಎಂಬುದೂ ಆಕೆಗೇ ಬಿಟ್ಟದ್ದು. ಮದುವೆಗೆ ಬಂದ ಮಗಳಿದ್ದಾಳೆಂದು ನೀವೇ ಬರೆದಿದ್ದೀರಿ. ಎದೆಯ ಕ್ಯಾನ್ಸರ್ ಎಂಬ ಮಾತು ನಮ್ಮ ಊರುಗಳಲ್ಲಿ ಎಲ್ಲೆಲ್ಲಿಗೆ ತಲುಪುತ್ತದೆ ಎಂಬುದು ನಿಮಗೆ ತಿಳಿಯದ ವಿಷಯವೇನಲ್ಲ. ದಾರ ಕತ್ತರಿಸುವ ಕೆಲಸವನ್ನಾದರೂ ಆಕೆಯನ್ನು ಕೇಳಿ ಕೊಟ್ಟಿರಾ? ಕೀಮೋದ ಕೆಲವು ಔಷಧಗಳಿಂದ ಬೆರಳ ತುದಿ ಜೋಮು ಹಿಡಿಯುತ್ತದೆ, ಅಂಥ ಬೆರಳಿಗೆ ಸಣ್ಣ ಕತ್ತರಿ ಹಿಡಿಯುವುದು ಯಂತ್ರ ತುಳಿಯುವುದಕ್ಕಿಂತಲೂ ಕಷ್ಟವಾಗಬಹುದು. ಕಂಕುಳಿನ ಗ್ರಂಥಿಗಳನ್ನು ತೆಗೆದಿದ್ದರೆ ಆ ಕಡೆಯ ತೋಳು ಊದಿಕೊಳ್ಳುವ ಅಪಾಯವೂ ಇರುತ್ತದೆ. ಬಟ್ಟೆಯ ಬಂಡಲ್ ಎತ್ತಬಹುದೇ ಎಂಬುದನ್ನು ಆಕೆಯ ವೈದ್ಯರು ಹೇಳಬೇಕು. ಮಾಲೀಕರ ಊಹೆ ಇಲ್ಲಿ ಕೆಲಸಕ್ಕೆ ಬಾರದು.

ನೀವು ಮಾಡಬೇಕಾದ ಕೆಲಸ ಒಂದೇ. ನಾಳೆ ಬೆಳಿಗ್ಗೆ ಹಾಜರಿ ಪುಸ್ತಕ ಮತ್ತು ಸಂಬಳದ ಪಟ್ಟಿಯೊಂದಿಗೆ ಭಾವಮೈದನನ್ನೂ ಕರೆದುಕೊಂಡು ಇಎಸ್‌ಐ ಕಚೇರಿಗೆ ಹೋಗಿ, ಆಕೆ ಕೆಲಸ ಬಿಟ್ಟಿಲ್ಲ, ರಜೆಯಲ್ಲಿದ್ದಾರೆ ಎಂದು ಲಿಖಿತವಾಗಿ ಕೊಟ್ಟು ಆ ದಾಖಲೆಯನ್ನು ತಿದ್ದಿಸಿ. ಅದು ಆಗುವವರೆಗೆ ಆಕೆಗೆ ಫೋನ್ ಮಾಡಬೇಡಿ.